ಮೂರು ಕೋಟ್ ಬಿಳಿ

ಕೊಪ್ಪೀಕರ ರಸ್ತೆದಾಗ ಡಾಕ್ಟರ್ ಮೆಣಸಿನಕಾಯಿಯವರ ದವಾಖಾನಿ.
ಬೋರ್ಡು ನಂದ. ಇಪ್ಪತ್ತೆರಡು ವರ್ಷದ ಹಿಂದಿನ ಕೈಕೆಲಸ.
ನಡುವಿನ ಕೆಂಪು ಕ್ರಾಸೂ ನಂದ:
ನಾಲ್ಕೂ ತೋಳು ಸಮ, ಮೂಲಿ ಚೂಪ,
ನೂಲು ಹಿಡದು, ಸುಣ್ಣ ಬಡದು ಬರದದ್ದು.

ಒಂದು ಸೋಮಾರ ಪತ್ರ ಬಂತು.
ಸಾಹೇಬರು ಓದಿ, ಕನ್ನಡಕ ತಗದು, ಫೋನ್ ಮಾಡಿದ್ರು:
"ದಸ್ತಗೀರ, ಇದು ನಮ್ಮದಲ್ಲಂತ. ಅಳಸು."

ನಮ್ಮದಲ್ಲ?
ಹಂಗಾರ ಯಾರದು?

"ಯುದ್ಧದ್ದು," ಅಂದ ಕಂಪೌಂಡರ್ ಯಲ್ಲೋಜಿ,
ಗುಳಿಗಿ ಎಣಸೋದು ಬಿಡದ.
ಹದಿನೇಳು ವರ್ಷ ಫೌಜಿನಾಗ ಸ್ಟ್ರೆಚರ್ ಹೊತ್ತಾಂವ,
ಇಲ್ಲೀತನಕ ಅದರ ಸುದ್ದಿ ಒಂದ್ ಮಾತ ಆಡಿದಾಂವಲ್ಲ.
"ಡಾಕ್ಟರದಲ್ಲ, ಔಷಧದ್ದೂ ಅಲ್ಲ.
ಗುಂಡು ಹಾರೂವಲ್ಲಿ ಬಿದ್ದಾವನ್ನ ಎತ್ತಾಕ ಹೊಕ್ಕಾನಲ್ಲ,
ಅವನ ತೋಳಿಂದು.
ದೇಶದೇಶದವರು ಕೂತು ಸಹಿ ಹಾಕ್ಯಾರ:
ಇದನ್ನ ಕಂಡರ ನಳಿಗಿ ಕೆಳಗ ಮಾಡಬೇಕು.
ಬಿದ್ದಾಂವ ಯಾರ ಕಡಿಯಾಂವ ಅಂತ ನಾನೂ ಕೇಳಬಾರದು."

"ಮಾಡತಾರೇನು ಕೆಳಗ?"

ಎಣಿಕಿ ತಪ್ಪಿತು. ಮತ್ತ ಒಂದರಿಂದ ಸುರು ಮಾಡಿದ.
"ಒಮ್ಮೆ ಮಾಡಿದ. ಹುಡುಗ, ಮೀಸಿ ಬಂದಿರಲಿಲ್ಲ.
ನನ್ನ ತೋಳ ನೋಡಿದ, ನನ್ನ ಮಾರಿ ನೋಡಿದ,
ನಾವು ದಾಟೂತನ ಬಂದೂಕ ನೆಲಕ್ಕ ಊರಿ ನಿಂತ.
ಇನ್ನೊಮ್ಮೆ..."
ಇನ್ನೊಮ್ಮೆದ್ದು ಹೇಳಲಿಲ್ಲ.
ಪೊಟ್ಟಣ ಮಡಚಿದ, ದಾರ ಸುತ್ತಿದ.
"ಒಂದು ಗಾಡಿ ಇತ್ತು. ಮ್ಯಾಲೆ ಇದ ಗುರತು,
ಒಳಗ ಕಾಡತೂಸಿನ ಪೆಟ್ಟಿಗಿ.
ಯಾರ ಗಾಡಿ ಅಂತ ಕೇಳಬ್ಯಾಡ.
ಸಿಕ್ಕಬಿತ್ತು. ಆಮ್ಯಾಲೆ ಆ ದಾರ್ಯಾಗ
ನಮ್ಮ ತೋಳ ಯಾರೂ ನಂಬಲಿಲ್ಲ."

ಏಣಿ ಮ್ಯಾಲೆ ನಿಂತು ಲೆಕ್ಕ ಹಾಕಿದೆ.
ದುರ್ಗದಬೈಲಿನ ಔಷಧ ಅಂಗಡಿ ಮೂರು.
ಗಂಟಿಕೇರಿ ಹೆರಿಗಿ ಮನಿ.
ಉಣಕಲ್ಲಿನ ದನದ ದವಾಖಾನಿ.
ಬಸ್ಸಿನ ಪ್ರಥಮ ಚಿಕಿತ್ಸಾ ಪೆಟ್ಟಿಗಿ,
ಒಳಗ ಹತ್ತಿ ಚೂರಿಲ್ಲ, ಕಂಡಕ್ಟರನ ಎಲಿ ಅಡಕಿ.
ಒಬ್ಬ ಹಲ್ಲಿನ ಡಾಕ್ಟರ್ ಸ್ಕೂಟರ್ ಮುಂದ ಬರಸಿದ್ದ,
ಪೊಲೀಸರು ಬಿಡ್ಲಿ ಅಂತ.
ಎಲ್ಲಾ ಇದ ಕೈ.
ನೂರು ನೂರೈವತ್ತು ರೂಪಾಯಿಗೆ
ಬಿದ್ದಾಂವ ಯಾವನದೋ ಜೀಂವದ ಗುರತು ಮಾರೀನಿ.

ಕೆಂಪು ಹಟಮಾರಿ ಬಣ್ಣ.
ಕೆರದರೂ ತಗಡಿನಾಗ ಉಳೀತೈತಿ.
ಒಂದು ಕೋಟ್ ಬಿಳಿ ಹೊಡದೆ: ಗುಲಾಬಿ ಆಗಿ ಎದ್ದು ಬಂತು.
ಎರಡನೇದು: ಹಳೇ ಗಾಯದ ಮ್ಯಾಲಿನ ತೊಗಲಿನಂಗ.
ಒಣಗಲಿ, ಚಾ ಕುಡದು ಬರೂಣಂತ ಇಳದೆ.

ಚಾದಂಗಡ್ಯಾಗ ಟೀವಿ. ಎಲ್ಲಿಯದೋ ಊರು,
ಹೆಸರು ಕೆಳಗ ಓಡಿಹೋತು, ಓದಲಿಲ್ಲ.
ಆಕಾಶದಿಂದ ತಗದ ಚಿತ್ರ: ದವಾಖಾನಿ ಮಾಳಿಗಿ,
ಮಾಳಿಗಿ ತುಂಬ ಇದ ಗುರತು.
ಮಂದಿ ಸತ್ತವರ ಎಣಿಕಿ ಕೇಳತಿದ್ರು.
ನಾನು ಗೆರಿ ನೋಡಿದೆ.
ಎಡಗಡಿ ತೋಳು ಉದ್ದ ಆಗೈತಿ. ನೂಲು ಹಿಡದಿಲ್ಲ.
ಬ್ರಶ್ ಅಲ್ಲ, ಕಸಬರಗಿಲೆ ಬಳದಾರ,
ತುದ್ಯಾಗ ಬಣ್ಣ ಸಾಲದ ತೆಳ್ಳಗ ಮಾಡ್ಯಾರ.
ರಾತ್ರಿ, ಗಡಿಬಿಡಿ, ಮೊಣಕಾಲೂರಿ,
ನನ್ನಂಥಾಂವ ಒಬ್ಬ.
ಅವಗ ಏಣಿ ಬೇಕಾಗಿಲ್ಲ, ಓದಾಂವ ಮ್ಯಾಲೆ ಅದಾನ.
ಅರ್ಧ ಗುರತ ಉಳದಿತ್ತು.
ಉಳದರ್ಧ ತೂತು.

ಯಲ್ಲೋಜಿಗೆ ಹೇಳಬೇಕಂತ ಬಂದೆ. ಹೇಳಲಿಲ್ಲ.
ಹಂಗಾರ ಯಾಕ ಬೇಕ ಈ ಕಾಯ್ದೆ ಅಂತ ಕೇಳಾಕ ಹೋದರ
ಮೀಸಿ ಬರದ ಆ ಹುಡುಗ ಅಡ್ಡ ಬಂದ,
ಬಂದೂಕ ನೆಲಕ್ಕ ಊರಿ.

ಮೂರನೇ ಕೋಟ್ ದಪ್ಪ ಹೊಡದೆ.
ಸಂಜಿ ಬಿಸಲಿಗೆ ಓರೆ ನಿಂತರ ಈಗೂ ಕಾಣತೈತಿ.
ಸಾಹೇಬರಿಗೆ ಕಾಣಲಿಲ್ಲ. ಬಿಲ್ ಬರಕೊಡು ಅಂದ್ರು.

ಬರದದ್ದಕ್ಕ ರೇಟ್ ಐತಿ ನನ್ನ ಹತ್ತರ,
ಅಕ್ಷರಕ್ಕಿಷ್ಟು, ಗುರತಿಗಿಷ್ಟು.
ಅಳಿಸಿದ್ದಕ್ಕ ಇಲ್ಲ.
"ಬಿಳಿ ಬಣ್ಣ, ಒಂದು ಲೀಟರ್" ಅಂತಷ್ಟ ಬರದು
ಕೆಳಗ ಸಹಿ ಹಾಕಿದೆ.